ಬಚ್ಚಲಕ್ಕೆ ಗೋಡೆ ಇದೆ, ಮೇಲೆ ಮುಚ್ಚಳ ಇಲ್ಲ

ನಮ್ಮ ಖಜೂರಿ ಹೋಬಳಿಯ ಕಡೆ ಡ್ರೋನ್ ಈಗ ಹೊಸದೇನಲ್ಲ. ಮದುವೆ ಮೆರವಣಿಗೆ ಮೇಲೆ ಹಾರುತ್ತದೆ, ತೊಗರಿಗೆ ಎಣ್ಣೆ ಹೊಡೆಯುತ್ತದೆ. 2020ರಲ್ಲಿ ಶುರುವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ-ಜಾಗಗಳನ್ನು ಅಳೆಯುವುದೂ ಡ್ರೋನೇ. ಅದರಿಂದ ಮನೆಗೆ ಆಸ್ತಿ ಪತ್ರ ಸಿಗುತ್ತದೆ. ನಾನು ಡ್ರೋನ್ ವಿರೋಧಿ ಅಲ್ಲ.

ಆದರೆ ಕಳೆದ ಬೇಸಿಗೆಯಲ್ಲಿ ಒಂದು ಮದುವೆಮನೆಯಲ್ಲಿ ಕಾಕು ಒಬ್ಬರು ಕೇಳಿದ ಮಾತು ತಲೆಯಲ್ಲೇ ಉಳಿಯಿತು. "ತಮ್ಮಾ, ನೀ ಪೇಪರ್‌ನವ ಇದ್ದಿ, ಖರೇ ಹೇಳು. ಅದಕ ನಮ್ಮ ಬಚ್ಚಲ ಕಾಣ್ತದೇನು?"

ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ಬಚ್ಚಲಕ್ಕೆ ಗೋಡೆ ಇದೆ, ಮೇಲೆ ಮುಚ್ಚಳ ಇಲ್ಲ. ಮೇ ತಿಂಗಳ ಧಗೆಗೆ ಮನೆಮಂದಿಯೆಲ್ಲ ಮಾಳಿಗೆ ಮೇಲೆ ಮಲಗುತ್ತೇವೆ. ಓಣಿಯಲ್ಲಿ ಹೋಗುವವರ ಕಣ್ಣು ತಪ್ಪಿಸಲು ಹಿರಿಯರು ಗೋಡೆ ಕಟ್ಟಿದರು. ಆಕಾಶದಿಂದ ಯಾರಾದರೂ ನೋಡಿಯಾರೆಂದು ಅವರಿಗೆ ಕನಸೂ ಬಿದ್ದಿರಲಿಕ್ಕಿಲ್ಲ.

ಕಾನೂನು ಏನು ಹೇಳುತ್ತದೆ? 2021ರ ಡ್ರೋನ್ ನಿಯಮಗಳಲ್ಲಿ ತೂಕದ ಲೆಕ್ಕವಿದೆ, ನೋಂದಣಿ ಇದೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಇಲ್ಲದೆ ಹಾರಿಸಬಹುದು ಎಂದಿದೆ. ಯಾರ ಅಂಗಳದ ಚಿತ್ರ ತೆಗೆಯಬಹುದು, ಯಾರದು ತೆಗೆಯಬಾರದು ಎಂಬ ಸ್ಪಷ್ಟ ನಿಯಮ ಅಲ್ಲಿಲ್ಲ. ಸ್ನಾನ ಮಾಡುವ ಹೆಣ್ಣುಮಗಳ ಚಿತ್ರ ಕದ್ದು ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಆದರೆ ಮಾಳಿಗೆ ಮೇಲೆ ಮಲಗಿದವರ ಚಿತ್ರ ತೆಗೆದರೆ ಈ ಕಲಂ ನೆರವಿಗೆ ಬರುವುದು ಕಷ್ಟ.

ಖಾಸಗಿ ಜನರಷ್ಟೇ ಅಲ್ಲ, ಸರ್ಕಾರವೂ ನೋಡುತ್ತದೆ. 2017ರಲ್ಲಿ ಪಕ್ಕದ ತೆಲಂಗಾಣದ ಕರೀಂನಗರ ಕಡೆ ಬಯಲಿಗೆ ಹೋಗುವವರನ್ನು ಹಿಡಿಯಲು ಪೊಲೀಸರು ಡ್ರೋನ್ ಹಾರಿಸಿದ್ದು, ಸಿಕ್ಕವರಿಗೆ ಹಾರ ಹಾಕಿದ್ದು ಸುದ್ದಿಯಾಗಿತ್ತು. ಶೌಚಾಲಯ ಬೇಕು, ಒಪ್ಪುತ್ತೇನೆ. ಆದರೆ ಚರಿಗೆ ಹಿಡಿದು ಹೋದ ಮನುಷ್ಯನಿಗೆ ಮರ್ಯಾದೆ ಇಲ್ಲವೇ?

ಇದೆ ಎಂದು ಅದೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿತು. ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ಅವರ ವಯಸ್ಸು 80 ದಾಟಿತ್ತು. ಸರ್ಕಾರ ನಮ್ಮ ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾನೂನಿರಬೇಕು, ತಕ್ಕ ಕಾರಣವಿರಬೇಕು, ಬೇಕಾದ್ದಕ್ಕಿಂತ ಹೆಚ್ಚು ಹೋಗಬಾರದು. ಇದು ಆ ತೀರ್ಪಿನ ಸಾರ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಾತ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಬಾಗಿಲು ತೆರೆದಿದೆ.

ಹಾಗಾದರೆ ನಾವೇನು ಮಾಡಬಹುದು? ಕಲ್ಲು ತೂರಬೇಡಿ, ಕೇಸು ನಿಮ್ಮ ಮೇಲೇ ಬೀಳುತ್ತದೆ. ಹಾರಿಸುವವರ ನೋಂದಣಿ ಸಂಖ್ಯೆ ಕೇಳಿ. ಅನುಮಾನ ಬಂದರೆ 112ಕ್ಕೆ ಕರೆ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಮೂರು ಮಾತು ಕೇಳಿ: ಊರ ಮೇಲೆ ಡ್ರೋನ್ ಹಾರಿಸುವ ದಿನ, ಹೊತ್ತು ಮೊದಲೇ ಡಂಗುರ ಹೊಡೆಸುತ್ತೀರಾ? ಚಿತ್ರಗಳು ಯಾರ ಕೈಯಲ್ಲಿರುತ್ತವೆ? ಕೆಲಸ ಮುಗಿದ ಮೇಲೆ ಅಳಿಸುತ್ತೀರಾ?

ಉತ್ತರ ಏನೇ ಬರಲಿ, ಠರಾವು ಪುಸ್ತಕದಲ್ಲಿ ಬರೆಸಿ.