ಕೆಂಪು ಚೆಂಡು, ಬಿಳಿ ಕಡ್ಡಿ

ಗಡ್ಡೆಯಿಂದ ಬೆಳೆಯುವ ಹೂಗಿಡಗಳನ್ನು ಕಂಡರೆ ನನಗೆ ಬ್ಯಾಂಕಿನ ಖಾತೆಗಳು ನೆನಪಾಗುತ್ತವೆ. 36 ವರ್ಷ ಗುಮಾಸ್ತನಾಗಿ ಕೌಂಟರಿನ ಹಿಂದೆ ಕುಳಿತವನು ನಾನು. ಓದಿದ್ದು ಬಿ.ಕಾಂ.; ಸಸ್ಯಶಾಸ್ತ್ರದ ಗಂಧಗಾಳಿಯಿಲ್ಲ. ಆದರೂ ಇಷ್ಟು ಗೊತ್ತು: ಬಿಸಿಲಿನಲ್ಲಿ ಎಲೆ ದುಡಿಯುತ್ತದೆ, ದುಡಿದದ್ದು ನೆಲದೊಳಗಿನ ಗಡ್ಡೆಗೆ ಜಮಾ ಆಗುತ್ತದೆ, ಹೂ ಬಿಡುವಾಗ ಆ ಗಂಟು ಖರ್ಚಾಗುತ್ತದೆ. ಎಲೆ ಒಣಗಿ ಹೋಯಿತೆಂದು ಖಾತೆ ಮುಚ್ಚಿತು ಅಂದುಕೊಳ್ಳಬೇಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಚಿಗುರು ಮೂಡುತ್ತದೆ.

ಶಿವಮೊಗ್ಗದ ನಮ್ಮ ಮನೆಯ ಅಂಗಳದಲ್ಲಿ ಇಂಥ ಎರಡು ಖಾತೆಗಳು ಇಪ್ಪತ್ತು ವರ್ಷಗಳಿಂದ ನಡೆಯುತ್ತಿವೆ. ಒಂದು ಫುಟ್‌ಬಾಲ್ ಲಿಲ್ಲಿ. ಮೇ ತಿಂಗಳಿನ ಹೊತ್ತಿಗೆ ಅರಳುವುದರಿಂದ ಕೆಲವರು ಇದನ್ನು ಮೇ ಫ್ಲವರ್ ಎನ್ನುತ್ತಾರೆ. ಗುಲ್‌ಮೊಹರ್ ಮರಕ್ಕೂ ಆ ಹೆಸರುಂಟು, ಗೊಂದಲ ಬೇಡ. ಇನ್ನೊಂದು ಸುಗಂಧರಾಜ. ಮದುವೆ ಮನೆಯ ಹಾರದಲ್ಲಿ ನೀವೆಲ್ಲ ನೋಡಿರುವ ಬಿಳಿ ಹೂವು.

ಕಳೆದ ವರ್ಷದ ಕೊನೆಗೆ ಮಗ ಬಂದು, "ಅಪ್ಪಾ, ಕಾರು ನಿಲ್ಲಿಸಲು ಗೇಟಿನಿಂದ ಮೆಟ್ಟಿಲವರೆಗೆ ಕಾಂಕ್ರೀಟ್ ಹಾಕಿಸಬೇಕು" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ, ರಸ್ತೆಯಲ್ಲಿ ಜಾಗವೇ ಇಲ್ಲ. ಲೆಕ್ಕ ಹಾಕಿದರೆ ಮಣ್ಣಾಗಿ ಉಳಿಯುವುದು ಮಲಗುವ ಕೋಣೆಯ ಕಿಟಕಿಯ ಕೆಳಗಿನ ಒಂದು ಪಟ್ಟಿ ಮಾತ್ರ: 6 ಅಡಿ ಉದ್ದ, 2 ಅಡಿ ಅಗಲ. ಅದರಲ್ಲಿ ಎರಡೂ ಹಿಡಿಸುವುದಿಲ್ಲ. ಐದನೇ ತರಗತಿಯ ಮೊಮ್ಮಗಳು ಕೆಂಪು ಚೆಂಡಿನ ಪಕ್ಷ. ನನ್ನಾಕೆ ಸುಗಂಧರಾಜದ ಪಕ್ಷ. ತೀರ್ಪು ನನ್ನ ಪಾಲಿಗೆ ಬಂತು. ಸರಿ, ಎರಡು ಲೆಡ್ಜರನ್ನೂ ಬಿಚ್ಚಿದೆ.

ಫುಟ್‌ಬಾಲ್ ಲಿಲ್ಲಿ ನಿಶ್ಚಿತ ಠೇವಣಿಯಂತೆ. ವರ್ಷಕ್ಕೆ ಒಂದೇ ಸಲ ಬಡ್ಡಿ. ಬೇಸಿಗೆಯಲ್ಲಿ ನೋಡಿದರೆ ಬರೀ ಮಣ್ಣು. ಏಪ್ರಿಲ್, ಮೇನಲ್ಲಿ ಗುಡುಗು ಮಿಂಚಿನ ಜೊತೆ ಮೊದಲ ಮಳೆ ಬಿದ್ದಿತೋ ಇಲ್ಲವೋ, ಮಣ್ಣನ್ನು ಸೀಳಿಕೊಂಡು ದಪ್ಪ ದಂಟು ಏಳುತ್ತದೆ. ಅದರ ತುದಿಯಲ್ಲಿ ಕೆಂಪು ಚೆಂಡು. ಹತ್ತಿರದಿಂದ ನೋಡಿ ಮಕ್ಕಳೇ, ಅದು ಒಂದು ಹೂವಲ್ಲ. ನೂರು, ಕೆಲವೊಮ್ಮೆ ಇನ್ನೂರರವರೆಗೆ ಪುಟ್ಟ ಹೂಗಳು ಒಂದೇ ಬಿಂದುವಿನಿಂದ ಸುತ್ತಲೂ ಚಾಚಿ ಗೋಲವಾಗಿವೆ. ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿರುವ 'ಮಲ್ಟಿಫ್ಲೋರಸ್' ಎಂಬ ಪದಕ್ಕೆ ಬಹಳ ಹೂಗಳುಳ್ಳದ್ದು ಎಂದೇ ಅರ್ಥ. ಇದರ ತವರು ಆಫ್ರಿಕಾ. ಒಂದೆರಡು ವಾರದಲ್ಲಿ ಚೆಂಡು ಬಾಡುತ್ತದೆ. ಮಳೆಗಾಲವಿಡೀ ಅಗಲವಾದ ಎಲೆಗಳು ನಿಂತು ಮುಂದಿನ ವರ್ಷಕ್ಕೆ ದುಡಿಯುತ್ತವೆ. ಮಳೆ ನಿಂತ ಮೇಲೆ ಎಲೆ ಹಳದಿಯಾದಾಗ ನೀರು ಹಾಕುವುದನ್ನು ನಿಲ್ಲಿಸಿಬಿಡಬೇಕು. ಅರ್ಧ ನೆರಳಿದ್ದರೂ ಸಾಕು. ಪದೇ ಪದೇ ಕಿತ್ತರೆ ಮುನಿಸಿಕೊಳ್ಳುತ್ತದೆ. ಅವಧಿಗೆ ಮುಂಚೆ ಠೇವಣಿ ಮುರಿದ ಹಾಗೆ. ಪರಿಮಳ ಮಾತ್ರ ಸೊನ್ನೆ. ಇನ್ನೊಂದು ಮಾತು: ಗಡ್ಡೆ ಈರುಳ್ಳಿಯಂತೆ ಕಂಡರೂ ವಿಷ. ಮುಟ್ಟಿದರೆ ಕೈ ತೊಳೆಯಿರಿ, ಬಾಯಿಗಂತೂ ಇಡಲೇಬೇಡಿ. ಮನೆಯಲ್ಲಿ ನಾಯಿ, ಬೆಕ್ಕು, ದನ ಇದ್ದರೆ ಅವುಗಳಿಂದಲೂ ದೂರವಿಡಿ.

ಸುಗಂಧರಾಜ ಉಳಿತಾಯ ಖಾತೆ. ದಿನಾ ವ್ಯವಹಾರ. ಇದರ ತವರು ಮೆಕ್ಸಿಕೊ. ಹೊಲದ ಬೇಲಿಯಲ್ಲಿ ಮುಳ್ಳು ಚಾಚಿಕೊಂಡು ನಿಲ್ಲುವ ಕತ್ತಾಳೆಗೆ ಇದು ಹತ್ತಿರದ ನೆಂಟ ಎಂದರೆ ನಂಬುತ್ತೀರಾ? ಸಸ್ಯ ವಿಜ್ಞಾನಿಗಳು ಈಗ ಎರಡನ್ನೂ ಒಂದೇ ಜಾತಿಗೆ ಸೇರಿಸಿದ್ದಾರೆ. ಉತ್ತರದವರು ಇದನ್ನು ರಜನಿಗಂಧಾ ಎನ್ನುತ್ತಾರೆ, ಅಂದರೆ ರಾತ್ರಿಯ ಪರಿಮಳ. ಆ ಹೆಸರೇ ಸರಿ. ಹಗಲಿಗಿಂತ ಸಂಜೆಯ ಮೇಲೆ ಇದರ ಪರಿಮಳ ಜೋರು. ಇದರ ಪರಾಗಸ್ಪರ್ಶ ಮಾಡುವುದು ರಾತ್ರಿ ಹಾರುವ ದೊಡ್ಡ ಪತಂಗಗಳು. ಕತ್ತಲಲ್ಲಿ ಅವುಗಳಿಗೆ ದಾರಿ ತೋರಿಸಲು ಬಿಳಿ ಬಣ್ಣ, ಘಮಘಮ ವಾಸನೆ. ನಮ್ಮ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 'ಶೃಂಗಾರ' ಎಂಬ ಒಂದು ಸುತ್ತಿನ ತಳಿಯನ್ನೂ 'ಸುವಾಸಿನಿ' ಎಂಬ ಹಲವು ಸುತ್ತಿನ ತಳಿಯನ್ನೂ ಕೊಟ್ಟಿದ್ದಾರೆ. ನೋಟಕ್ಕೆ ಹಲವು ಸುತ್ತಿನದು ಚೆಂದ, ವಾಸನೆಗೆ ಒಂದು ಸುತ್ತಿನದು ಮೇಲು.

ಆದರೆ ಈ ಖಾತೆಗೆ ಕೆಲಸ ಹೆಚ್ಚು. ಚೆನ್ನಾಗಿ ಬಿಸಿಲು ಬೀಳಬೇಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ನಮ್ಮ ಮಳೆಗೆ ಏರುಮಡಿ ಮಾಡಿ, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಲೇಬೇಕು. ನೆಟ್ಟ ಮೂರು, ಮೂರೂವರೆ ತಿಂಗಳಿಗೆ ಎರಡು ಮೂರಡಿ ಎತ್ತರದ ಕಡ್ಡಿ ಬರುತ್ತದೆ. ಮೊಗ್ಗುಗಳು ಕೆಳಗಿನಿಂದ ಮೇಲಕ್ಕೆ, ದಿನಕ್ಕಿಷ್ಟು ಎಂದು ಅರಳುತ್ತವೆ. ಒಮ್ಮೆ ಹೂ ಕೊಟ್ಟ ಗಡ್ಡೆ ಮತ್ತೆ ಕೊಡುವುದಿಲ್ಲ. ಅದರ ಪಕ್ಕದ ಮರಿಗಡ್ಡೆಗಳು ಆ ಕೆಲಸ ವಹಿಸಿಕೊಳ್ಳುತ್ತವೆ. ಮೂರು ವರ್ಷಕ್ಕೊಮ್ಮೆ ಅಗೆದು, ಬಿಡಿಸಿ ನೆಡದಿದ್ದರೆ ಗುಂಪಾಗಿ ಹೂ ಕಡಿಮೆಯಾಗುತ್ತದೆ.

ಲೆಡ್ಜರಿನ ಪ್ರಕಾರ ಎರಡೂ ಸಮಸಮ. ತೀರ್ಪು ಕೊಡಿಸಿದ್ದು ಲೆಡ್ಜರಿನಲ್ಲಿಲ್ಲದ ಒಂದು ಸಂಗತಿ.

ನನ್ನಾಕೆಗೆ ನಾಲ್ಕು ವರ್ಷದಿಂದ ಗ್ಲಾಕೋಮಾ ಇದೆ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ, ನೋಟವನ್ನು ಮಿದುಳಿಗೆ ಒಯ್ಯುವ ನರ ಸವೆಯುವ ಕಾಯಿಲೆ. ಹೆಚ್ಚಿನವರಿಗೆ ನೋವಿರುವುದಿಲ್ಲ. ಮೊದಲು ಅಂಚಿನ ನೋಟ ಹೋಗುತ್ತದೆ, ನಟ್ಟನಡುವಿನದು ಕೊನೆಯವರೆಗೂ ಉಳಿಯುತ್ತದೆ. ಹೋದದ್ದು ವಾಪಸು ಬರುವುದಿಲ್ಲ. ಔಷಧದ ಹನಿಗಳು ಇದ್ದದ್ದನ್ನು ಕಾಪಾಡುತ್ತವೆ. ನಲವತ್ತು ದಾಟಿದವರು, ಅದರಲ್ಲೂ ಮನೆತನದಲ್ಲಿ ಈ ಕಾಯಿಲೆ ಇರುವವರು, ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ.

ಕಳೆದ ವರ್ಷ ಮೇ ತಿಂಗಳಲ್ಲಿ ಆಕೆ ಮೆಟ್ಟಿಲ ಮೇಲೆ ನಿಂತು, "ಈ ಸಲ ಚೆಂಡು ಬರಲಿಲ್ಲವೇನ್ರೀ?" ಎಂದಳು. ಏಳು ಚೆಂಡುಗಳು ಆಕೆಯ ಎಡಗಾಲಿನಿಂದ ಎರಡಡಿ ದೂರದಲ್ಲಿ ಉರಿಯುತ್ತಿದ್ದವು. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಆ ಕಡೆ ತಿರುಗಿಸಿದೆ. "ಓ, ಇಲ್ಲೇ ಇವೆ" ಎಂದಳು, ಅಷ್ಟೆ. ಅದೇ ಮಳೆಗಾಲದ ಸಂಜೆಗಳಲ್ಲಿ ಒಳಗೆ ಕುಳಿತೇ, "ಇವತ್ತು ಇನ್ನೊಂದು ಕಡ್ಡಿ ಅರಳಿದೆ" ಎನ್ನುತ್ತಿದ್ದಳು. ಮೊಮ್ಮಗಳು ಓಡಿಹೋಗಿ ನೋಡಿದರೆ ಲೆಕ್ಕ ಸರಿಯಾಗಿರುತ್ತಿತ್ತು.

ಇದನ್ನೆಲ್ಲ ಕೂಡಿಸಿ ಕಳೆದಾಗ ನನಗೆ ಹೊಳೆದದ್ದು ಇಷ್ಟು. ಪರಿಮಳ ತಾನಾಗಿಯೇ ನಡೆದು ಒಳಗೆ ಬರುತ್ತದೆ. ಬಣ್ಣವನ್ನು ಎತ್ತಿಕೊಂಡು ಬರಬೇಕು. ನೆಲದ ಗಿಡವನ್ನು ಎತ್ತಲಾಗುವುದಿಲ್ಲ, ಕುಂಡವನ್ನು ಎತ್ತಬಹುದು. ಕಿಟಕಿಯ ಕೆಳಗೆ ಬಿಸಿಲೂ ಇದೆ. ಅದು ಸುಗಂಧರಾಜಕ್ಕೆ ಬೇಕೇಬೇಕು. ಫುಟ್‌ಬಾಲ್ ಲಿಲ್ಲಿಯೋ, ಕುಂಡದಲ್ಲಿ ಬೇರು ಇಕ್ಕಟ್ಟಾದರೂ ಗೊಣಗದ ಗಿಡ.

"ಹಾಗಾದರೆ ನನ್ನ ಪಾರ್ಟಿ ಸೋತಿತಾ ಅಜ್ಜ?" ಎಂದಳು ಮೊಮ್ಮಗಳು. "ಇಲ್ಲ ಪುಟ್ಟಿ, ವರ್ಗಾವಣೆ ಆಯಿತು" ಎಂದೆ.

ಫೆಬ್ರವರಿಯಲ್ಲಿ, ಗಡ್ಡೆಗಳು ಮಲಗಿದ್ದಾಗ, ಒಂಬತ್ತನ್ನು ಬೇರು ಹರಿಯದಂತೆ ಎತ್ತಿ ಮೂರು ಕುಂಡಗಳಲ್ಲಿ ನೆಟ್ಟೆವು. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ. ಮಾರ್ಚ್‌ನಲ್ಲಿ ಪಟ್ಟಿಗೆ ಸುಗಂಧರಾಜದ ಗಡ್ಡೆಗಳು ಹೋದವು, ಎರಡು ಅಂಗುಲ ಆಳಕ್ಕೆ. ಜಾಗ ಬದಲಾದದ್ದಕ್ಕೆ ಫುಟ್‌ಬಾಲ್ ಲಿಲ್ಲಿ ಸ್ವಲ್ಪ ಮುನಿಸಿಕೊಂಡಿತು. ಒಂಬತ್ತರಲ್ಲಿ ಹೂ ಬಿಟ್ಟದ್ದು ಮೂರು.

ಮೊದಲ ಚೆಂಡು ಪೂರ್ತಿ ಅರಳಿದ ದಿನ ಮಗನೇ ಕುಂಡ ಹೊತ್ತು ತಂದು ಅಮ್ಮನ ಎದುರಿನ ಸ್ಟೂಲಿನ ಮೇಲಿಟ್ಟ, ಸರಿಯಾಗಿ ಕಣ್ಣಿನ ಎತ್ತರಕ್ಕೆ. ಮೊಮ್ಮಗಳು ಪೆನ್ಸಿಲ್ ತುದಿಯಿಂದ ಎಣಿಸುತ್ತಾ 94 ಎಂದಳು. ಅಜ್ಜಿ ಬಹಳ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ, "ಒಂದೊಂದು ಎಳೆಯ ತುದಿಗೂ ಹಳದಿ ಚುಕ್ಕಿ ಇದೆಯಲ್ಲೇ, ನೋಡಿದೆಯಾ?" ಎಂದಳು. ಎಣಿಸುವ ಭರದಲ್ಲಿ ಹುಡುಗಿ ಅದನ್ನು ನೋಡಿರಲಿಲ್ಲ. ನಾನೂ ಇಪ್ಪತ್ತು ವರ್ಷ ನೋಡಿರಲಿಲ್ಲ.

ಈಗ ಕಿಟಕಿಯ ಕೆಳಗೆ ಐದು ಕಡ್ಡಿಗಳು ನಿಂತಿವೆ. ಮಳೆಗೆ ಬಾಗದಂತೆ ಬಿದಿರಿನ ಊರುಗೋಲು ಕೊಟ್ಟಿದ್ದೇನೆ. ಇನ್ನು ಮೂರು ವರ್ಷಕ್ಕೆ ಇವನ್ನು ಅಗೆದು ಮರಿಗಡ್ಡೆ ಬಿಡಿಸಬೇಕು. ಆಗ ನನಗೆ ಎಂಬತ್ತರ ಹತ್ತಿರ. ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ತಿಂಗಳು, ವರ್ಷ ಬರೆಸಿ, ಕೆಳಗೆ ಅವಳದೇ ಸಹಿ ಹಾಕಿಸಿದ್ದೇನೆ.