ಮಡಚೋ ಟೇಬಲ್ಲು ತಗೋಬೇಕೋ ಬ್ಯಾಡೋ

ಹೋದ ತಿಂಗಳು ಭಿಶಿಗೆ ಬಂದವ್ರೆಲ್ಲಾ ನಮ್ಮ ಪಡಸಾಲಿಯೊಳಗ ಪೇಪರ್ ಹಾಸಿದ್ದು ನೋಡಿ ನಕ್ಕಿದ್ರಿ. "ಏನ್ರೀ ವೈನಿ, ಗೋಡಿಗೆ ಬಣ್ಣಾ ಹಚ್ಚಸ್ತೀರೇನು?" ಅಂತ ಕೇಳಿದ್ರಿ. ಆವಾಗ ನಾ ನಕ್ಕು ಸುಮ್ಮನಾಗಿದ್ದೆ. ಈಗ ಎಲ್ಲಾ ಹೇಳ್ತೀನಿ.

ಸಪ್ತಾಪೂರದಾಗ ನಮ್ಮ ಪರಿಚಯದವರೊಬ್ರು ಮನಿ ಖಾಲಿ ಮಾಡಿ ಮಗನ ಕಡೆ ಬೆಂಗಳೂರಿಗೆ ಹೊಂಟಿದ್ರು. ಭೆಟ್ಟಿ ಆಗಿ ಬರೋಣಂತ ಹೋದಾಗ ಅಲ್ಲೆ ಒಂದು ಊಟದ ಟೇಬಲ್ಲು ನೋಡಿದೆ. ನಡುವ ಒಂದು ಸಣ್ಣ ಹಲಗಿ, ಅದರ ಎರಡೂ ಬಾಜು ಬಿಜಾಗರಿ ಮ್ಯಾಲೆ ನಿಂತ ಒಂದೊಂದು ಹಲಗಿ. ಬ್ಯಾಡಾದಾಗ ಕೆಳಗ ಇಳಿಬಿಟ್ರ ಗೋಡಿಗೆ ಹತ್ತಿ ಮುದುಡಿಕೊಂಡು ನಿಂತಿರ್ತದ. ಬೇಕಾದಾಗ ಹಲಗಿ ಎತ್ತಿ, ಕೆಳಗಿನ ಕಾಲು ಗೇಟ್ ತಗದಂಗ ಹೊರಗ ತಿರಗಿಸಿದ್ರ ಆತು, ಹಲಗಿ ಅದರ ಮ್ಯಾಲೆ ಕೂಡ್ತದ. "ಏಳೂವರಿ ಸಾವಿರ ಕೊಡ್ರಿ, ನಾಕು ಖುರ್ಚಿನೂ ಒಯ್ರಿ" ಅಂದ್ರು ಅವರು.

ಮನಿಗೆ ಬಂದು ನಾ ಹೇಳಿದ್ದು ಒಂದ ಮಾತು: "ಅತ್ಯಾರಿಗೆ ಅನುಕೂಲ ಆಗ್ತದ."

ಅತ್ಯಾರಿಗೆ ಈಗ 82 ವರ್ಷ. ಖುರ್ಚಿ ಮ್ಯಾಲೆ ಕೂತು, ಮುಂದ ಒಂದು ಸ್ಟೂಲ್ ಇಟಗೊಂಡು, ಅದರ ಮ್ಯಾಲೆ ತಾಟು. ಸ್ಟೂಲ್ ಗಿಡ್ಡ. ತುತ್ತಿಗೊಮ್ಮೆ ಬಗ್ಗಬೇಕು, ಸಾರು ಸೀರಿ ಮ್ಯಾಲೆ ಚೆಲ್ತದ. ಉಳಿದವ್ರದೆಲ್ಲಾ ನೆಲದ ಮ್ಯಾಲೆ ಊಟ.

ಇವರು ಒಪ್ಪಲಿಲ್ಲ. "ಇರೋದ ಹತ್ತು ಹನ್ನೆರಡು ಫೂಟಿನ ಪಡಸಾಲಿ. ನಡುವ ಅದನ್ನ ತಂದು ನಿಲ್ಲಿಸಿದ್ರ ನಾವು ಎಲ್ಲೆ ಅಡ್ಡಾಡೋಣ? ಅವ್ವಗ ಎತ್ತರದ ಸ್ಟೂಲ್ ತರ್ತೀನಿ, ಐನೂರು ರೂಪಾಯಿದಾಗ ಮುಗೀತದ." ಮಾತು ಖರೇನ ಇತ್ತು ನೋಡ್ರಿ. ಅತ್ಯಾರಿಗೋಸ್ಕರ ಅಂತಂದ್ರ ಸ್ಟೂಲ್ ಸಾಕಾಗಿತ್ತು. ಹಂಗಾಗಿ ನನಗ ಉತ್ತರ ಹೊಳೀಲಿಲ್ಲ.

ಆದ್ರೂ ಮನಸ್ಸು ಬಿಡಲಿಲ್ಲ. ಮರುದಿನ ಮತ್ತ ಸಪ್ತಾಪೂರಕ್ಕ ಹೋಗಿ ಅಳತಿ ತಗೊಂಡು ಬಂದೆ. ಉದ್ದ 3 ಫೂಟ್. ಮಡಚಿದಾಗ ಅಗಲ 14 ಇಂಚು, ಒಂದು ಹಲಗಿ ಎತ್ತಿದ್ರ 32, ಎರಡೂ ಎತ್ತಿದ್ರ 50. ಅಷ್ಟಷ್ಟ ಪೇಪರ್ ಕತ್ತರಿಸಿ ನೆಲಕ್ಕ ಹಾಸಿದೆ. ನೀವು ನೋಡಿದ್ದು ಅದನ್ನ. ಮೂರು ದಿನಾ ಅದರ ಸುತ್ತನ ಅಡ್ಡಾಡ್ರಿ ಅಂತ ಮನಿ ಮಂದಿಗೆಲ್ಲಾ ಹೇಳಿದೆ. ಇವರು ಬೇಕಂತನ ತುಳದು ಹೋಗ್ತಿದ್ರು.

ಟೇಬಲ್ಲಿನ ಅಳತಿ ಒಂದ ಸಾಕಾಗೂದಿಲ್ಲ ಅನ್ನೋದು ಎರಡನೇ ದಿನಾ ತಿಳೀತು. ಖುರ್ಚಿ ಹಿಂದ ಸರಿಸಿ ಎದ್ದೇಳಲಿಕ್ಕೆ ಮತ್ತ ಎರಡು ಫೂಟ್ ಜಾಗಾ ಬೇಕು. ಒಂದು ಹಲಗಿ ಎತ್ತಿದ್ರ ಎಲ್ಲಾ ಸರಿ. ಎರಡೂ ಎತ್ತಿದ್ರ ತಿಜೋರಿ ಬಾಗಲಾ ತಗೀಲಿಕ್ಕೆ ಬರೂದಿಲ್ಲ. ಇರಲಿ, ದಿನಾ ಎರಡೂ ಯಾಕ ಎತ್ತಬೇಕು?

ಆ ರಾತ್ರಿ ಇವರು ಮಲಗಿದ ಮ್ಯಾಲೆ ಪೇಪರ್ ಸರಿ ಮಾಡ್ಲಿಕತ್ತಿದ್ದೆ. ಬಗ್ಗಿದಾಕಿ ಏಳಬೇಕಂದ್ರ ಬಾಗಲಾ ಹಿಡಕೊಂಡೆ. ಅತ್ಯಾರು ಹಾಸಗಿ ಮ್ಯಾಲಿಂದನ ನೋಡಿದ್ರು.

"ನನಗ ಸ್ಟೂಲ್ ಸಾಕವಾ. ನೀ ಯಾಕ ದಿನಾ ಕಟ್ಟಿ ಮುಂದ ನಿಂತು ಉಣ್ತಿ, ಅದನ್ನ ಹೇಳು ಅವಗ."

ನಾ ಹಂಗ ನಿಂತುಬಿಟ್ಟೆ. ಯಾರಿಗೂ ಗೊತ್ತಿಲ್ಲಂತ ತಿಳಕೊಂಡಿದ್ದೆ. ಎಲ್ಲಾರಿಗೂ ಬಡಿಸಿ, ಎಲ್ಲಾರದೂ ಮುಗದ ಮ್ಯಾಲೆ, ಗ್ಯಾಸ್ ಕಟ್ಟಿ ಮ್ಯಾಲೆ ತಾಟು ಇಟಗೊಂಡು ನಿಂತು ಉಣ್ಣಲಿಕತ್ತು ಎರಡು ವರ್ಷ ಆಗಿತ್ತು. ನೆಲಕ್ಕ ಕೂಡಲಿಕ್ಕೇನೋ ಬರ್ತದ್ರಿ, ಏಳೋದ ಕಠಿಣ. ಒಂದ ಸಲ ಅಂತೂ ಏಳಲಿಕ್ಕೆ ಆಗದ, ಗೋಧಿ ಹಸನ ಮಾಡೋ ನೆವಾ ಮಾಡಿ ಅರ್ಧಾ ತಾಸು ಹಂಗ ಕೂತಿದ್ದೆ. ಹಸನ ಮಾಡಿದ ಗೋಧೀನ ಮತ್ತೊಮ್ಮೆ ಹಸನ ಮಾಡಿದೆ.

ಈ ಮನಿಗೆ ಬಂದು 31 ವರ್ಷ ಆತು. ಮಿಕ್ಸರ್ ಬಂತು, ಫ್ರಿಜ್ ಬಂತು, ವಾಷಿಂಗ್ ಮಶೀನ್ ಬಂತು. ಎಲ್ಲಾ "ಮನಿಗೆ ಬೇಕು" ಅಂತ ಬಂದದ್ದು. ನನಗ ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದು ನೆನಪಿಲ್ಲ. ಸೀರಿ ಬ್ಯಾರೆ ಮಾತು ಬಿಡ್ರಿ.

ಮುಂಜಾನೆ ಚಹಾ ಕೊಡೋ ಮುಂದ ಹೇಳಿಬಿಟ್ಟೆ. "ಟೇಬಲ್ಲು ಅತ್ಯಾರಿಗಲ್ಲ, ನನಗ ಬೇಕಾಗಿತ್ತು. ಮೊಣಕಾಲು ಬಗ್ಗೂದಿಲ್ಲ."

"ಎಷ್ಟ ದಿನಾ ಆತು?"

"ಎರಡು ವರ್ಷ."

"ಹೇಳಬಾರದೇನು?" ಅಂತ ಸಿಟ್ಟಾದ್ರು. ನನಗೂ ಸಿಟ್ಟು ಬಂತು. "ಎರಡು ವರ್ಷದಾಗ ಒಮ್ಮೆರ ನೀವು ಕೇಳಬಾರದೇನು, ನಿನ್ನ ಊಟ ಎಲ್ಲೆ ಆತು ಅಂತ?" ಅಂದೆ. ಆಮ್ಯಾಲೆ ಇಬ್ರೂ ಮಾತಾಡಲಿಲ್ಲ. ಸಂಜಿಗೆ ಇವರ ಬಡಿಗೇರ ಕಾಕಾನ ಕರಕೊಂಡು ಬಂದ್ರು.

ಈ ಕಾಕಾ ಹೇಳಿದ್ದು ನಿಮಗೂ ಉಪಯೋಗ ಆಗ್ತದ, ಅದಕ್ಕ ಬರೀತೀನಿ. ಮೊದಲ ಟೇಬಲ್ಲನ್ನ ಬೋರಲ ಹಾಕಿಸಿದ್ರು. ಮ್ಯಾಲಿನ ಪಾಲಿಶ್ ನೋಡಿ ಯಾವ ಸಾಮಾನೂ ತಗೋಬಾರದಂತ, ಕೆಳಗ ನೋಡಬೇಕಂತ. ಎರಡು ಕಡೆ ಹುಳ ತಿಂದ ಸಣ್ಣ ತೂತು ಇದ್ವು. ತೂತಿನ ಕೆಳಗ ಹೊಸಾ ಹಿಟ್ಟಿನಂಥಾ ಪುಡಿ ಬಿದ್ದಿದ್ರ ಒಳಗ ಹುಳ ಇನ್ನೂ ಅದ ಅಂತ ಅರ್ಥ. ಇಲ್ಲೆ ಪುಡಿ ಇರಲಿಲ್ಲ. ಕಟಿಗಿ ಸಾಗವಾನಿ, ನಡುವಿನ ಹಲಗಿನೂ ಪ್ಲೈವುಡ್ ಅಲ್ಲ. ಒಂದು ಬಿಜಾಗರಿ ಸ್ಕ್ರೂ ಸಡಲಾಗಿ ಆ ಬಾಜು ಹಲಗಿ ಸ್ವಲ್ಪ ಇಳಿದಿತ್ತು. ಸ್ಕ್ರೂ ತಗದು, ತೂತಿನೊಳಗ ಕಟಿಗಿ ಚೂರು ಮತ್ತ ಗೋಂದು ತುಂಬಿ ಮತ್ತ ಬಿಗದ್ರ ಆತು ಅಂದ್ರು.

ಆಮ್ಯಾಲೆ ನನ್ನ ಕೂಡಿಸಿ ನೋಡಿದ್ರು. ಇದನ್ನ ಮರೀಬ್ಯಾಡ್ರಿ. ಹಲಗಿಗೆ ಆಸರ ಕೊಡೋ ಆ ತಿರಗೋ ಕಾಲು ಸರಿಯಾಗಿ ನಮ್ಮ ಮೊಣಕಾಲಿನ ಮುಂದನ ಬಂದ್ರ, ತಗೊಂಡು ಏನು ಮಾಡೋದು? ನಾ ಸ್ವಲ್ಪ ಬಲಕ್ಕ ಸರದು ಕೂತ್ರ ಬಡೀಲಿಲ್ಲ.

"ಇದರ ಮ್ಯಾಲೆ ರೊಟ್ಟಿ ಬಡೀಬಹುದೇನು ಕಾಕಾ?" ಅಂತ ಕೇಳಿದೆ.

"ನಡುವ ಬೇಕಾದ್ದು ಮಾಡ್ರಿ ಅಕ್ಕಾರ. ಬಾಜು ಹಲಗಿ ಮ್ಯಾಲೆ ಬಡದ್ರ ಬಿಜಾಗರಿ ಕಿತ್ತು ಬರ್ತಾವ. ಮಕ್ಕಳನ್ನೂ ಅದರ ಮ್ಯಾಲೆ ಕೂಡಿಸಬ್ಯಾಡ್ರಿ."

ನಾಕು ಖುರ್ಚಿಗೆ ಜಾಗಾ ಇಲ್ಲ, ಎರಡ ಸಾಕು ಅಂದೆ. ರಿಪೇರಿದೂ ಲೆಕ್ಕಾ ಹಿಡದು ಕಡೀಕೆ ಆರು ಸಾವಿರಕ್ಕ ಮುಗೀತು, ಟೆಂಪೋಕ್ಕ ನಾನೂರು. ಇವರು ಕೊಡ್ತೀನಂದ್ರು, ನಾ ಬ್ಯಾಡಂದೆ. ಭಿಶಿ ರೊಕ್ಕದಾಗ ಕೊಟ್ಟೆ. ಆ ಸಲ ಚೀಟಿ ನನ್ನ ಹೆಸರಿಗೇ ಎದ್ದಿತ್ತು, ನಿಮಗ ನೆನಪಿರಬೇಕು.

ಟೇಬಲ್ಲು ಬಂದ ದಿನಾ ಅತ್ಯಾರ ಮಡಿ ಮುಸುರಿ ಪಂಚಾಯ್ತಿ ಆತು. ನೆಲಾ ಆದ್ರ ಉಂಡ ಕೂಡಲೆ ಗೋಮಾ ಹಚ್ತೀವಿ, ಇದಕ್ಕೇನು ಮಾಡೋದು? ಒದ್ದಿ ಅರಿವಿ ಗಟ್ಟಿ ಹಿಂಡಿ ಎರಡು ಸಲ ಒರಸೋದು, ದೇವರ ಹೂವಿನ ಪುಟ್ಟಿ ಅದರ ಮ್ಯಾಲೆ ಇಡಬಾರದು ಅಂತ ಅವರ ತೀರ್ಪು ಕೊಟ್ರು.

ಮೊಣಕಾಲಿನ ನೋವೇನು ಹೋಗಿಲ್ಲ, ಅದಕ್ಕ ಡಾಕ್ಟರ್ ಕಡೆ ಬ್ಯಾರೆ ಹೊಂಟೀನಿ. ಮಧ್ಯಾಹ್ನ ಒಂದು ಹಲಗಿ ಎತ್ತಿ ಅತ್ಯಾರು, ನಾನು ಎದುರಾಬದರು ಕೂತು ಬಿಸಿ ಇದ್ದಾಗನ ಉಣ್ತೀವಿ. ಕಟ್ಟಿನ ಸಾರು ಇಷ್ಟು ಖಾರ ಮಾಡ್ತೀನಿ ಅಂತ ನನಗ ಈಗ ಗೊತ್ತಾತು, ಆರಿದ್ದ ಉಂಡು ಉಂಡು ತಿಳೀತಿದ್ದಿಲ್ಲ.

ಇವರು ಇನ್ನೂ ನೆಲದ ಮ್ಯಾಲೇನ. ಹೋದ ರವಿವಾರ ಮಾತ್ರ ಏನು ತಿಳೀತೋ, "ಇನ್ನೊಂದು ಹಲಗಿನೂ ಎತ್ತು" ಅಂತ ತಾವ ಟೇಬಲ್ಲು ಈಚೆ ಎಳದು, ವೆರಾಂಡಾದ ಖುರ್ಚಿ ತಂದು ಕೂತ್ರು. ಬದನಿಕಾಯಿ ಪಲ್ಯ ಎರಡು ಸಲ ನೀಡಿಸಿಕೊಂಡ್ರು. ಉಂಡ ಮ್ಯಾಲೆ ನೋಡಿದ್ರ ಕನ್ನಡಕ ತಿಜೋರಿಯೊಳಗ. ನಾವಿಬ್ರು ಇನ್ನೂ ಉಣ್ಣಲಿಕತ್ತಿದ್ವಿ. ನಮ್ಮದು ಮುಗಿಯೋತನಕ ಪೇಪರ್ ಕೈಯಾಗ ಹಿಡಕೊಂಡು ಹಂಗ ಕೂತಿದ್ರು.