ಹರಕೆಯ ಬೆಳ್ಳಿ ಪೆಟ್ಟಿಗೆ

ನಿಪ್ಪಾಣಿಯಿಂದ ಹೊರಟು ಸಂಕೇಶ್ವರದಲ್ಲಿ ಬಲಕ್ಕೆ ಹೊರಳಿದರೆ ಗಡಹಿಂಗ್ಲಜ, ಆಜರಾ. ಕಬ್ಬಿನ ಗದ್ದೆಗಳು ಹಿಂದೆ ಸರಿದು ಅಂಬೋಲಿ ಘಾಟಿನ ಕಾಡು ಎದುರಾಗುತ್ತದೆ. ಘಾಟು ಇಳಿದರೆ ಸಾವಂತವಾಡಿ, ಅದರಾಚೆ ಗೋವಾ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಜನರಿಗೆ ಹರಕೆಯ ಕಾಲ್ನಡಿಗೆ ಹೊಸದಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಯೂ ಪಂಢರಪುರದ ದಿಂಡಿಯೂ ಅವರಿಗೆ ಗೊತ್ತು. ಡಿಸೆಂಬರ್ 3ರ ಹಬ್ಬಕ್ಕೆ ಬೆಳಗಾವಿ, ಸಿಂಧುದುರ್ಗದ ಕಡೆಯಿಂದ ಹಳೇ ಗೋವಾಕ್ಕೆ ನಡೆದು ಬರುವವರನ್ನು ಕಂಡರೆ ಅವರಿಗೆ ಅಚ್ಚರಿಯಾಗಲಾರದು.

ಯಾತ್ರಿಕರು ಹೋಗುವುದು ಬಾಮ್ ಜೀಸಸ್ ಬೆಸಿಲಿಕಾಕ್ಕೆ. 1605ರಲ್ಲಿ ಮುಗಿದ, ಗಾರೆ ಕಳಚಿ ಜಂಬಿಟ್ಟಿಗೆ ಬಯಲಾಗಿ ನಿಂತ ಕೆಂಪು ಕಟ್ಟಡ. ಚೀನಾದ ಕರಾವಳಿಯ ದ್ವೀಪವೊಂದರಲ್ಲಿ 1552ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇಹವನ್ನು ಇಲ್ಲಿ ಬೆಳ್ಳಿಯ ಪೆಟ್ಟಿಗೆಯಲ್ಲಿ ಇರಿಸಲಾಗಿದೆ. ಗೋವೆಯವರಿಗೆ ಆತ ‘ಗೋಯಂಚೊ ಸಾಯಬ್’. ಮತ ಯಾವುದೆಂದು ಕೇಳದೆ ಎಲ್ಲರೂ ಮೇಣದಬತ್ತಿ ಹಚ್ಚುತ್ತಾರೆ.

ಆ ಪೆಟ್ಟಿಗೆಯ ಹಿಂದೆಯೂ ಒಂದು ಹರಕೆಯುಂಟು. 1633ರ ಡಿಸೆಂಬರಿನಲ್ಲಿ ನೇಪಲ್ಸ್ ನಗರದಲ್ಲಿ ಮಾರ್ಚೆಲ್ಲೊ ಮಾಸ್ತ್ರಿಲ್ಲಿ ಎಂಬ ಜೆಸ್ವಿಟ್ ಪಾದ್ರಿಯ ತಲೆಗೆ ಮೇಲಿಂದ ಸುತ್ತಿಗೆಯೊಂದು ಬಿತ್ತು. ಬದುಕುವ ಆಸೆ ಉಳಿಯಲಿಲ್ಲ. ಕೆಲವೇ ವಾರಗಳಲ್ಲಿ ಆತ ಎದ್ದು ಕುಳಿತ. ಕ್ಸೇವಿಯರರೇ ಯಾತ್ರಿಕನ ವೇಷದಲ್ಲಿ ಕಾಣಿಸಿಕೊಂಡರೆಂದ. ಅವರು ನಡೆದ ದಾರಿಯಲ್ಲೇ ಪೂರ್ವಕ್ಕೆ ಹೋಗುವೆನೆಂದು ಹರಕೆ ಹೊತ್ತು ಹಡಗು ಹತ್ತಿದ. ಗೋವಾದಲ್ಲಿ ಸಂತರ ಸಮಾಧಿಗೆ ನಮಿಸಿದವನು ಬೆಳ್ಳಿ ಪೆಟ್ಟಿಗೆಯ ಕಲ್ಪನೆ ಕೊಟ್ಟನೆನ್ನುತ್ತಾರೆ. 1636-37ರಲ್ಲಿ ಗೋವೆಯ ಅಕ್ಕಸಾಲಿಗರು ಅದನ್ನು ಮಾಡಿದರು. ಸುತ್ತಲೂ ಸಂತರ ಜೀವನದ 32 ದೃಶ್ಯಗಳು. ಕಥೆ ಯುರೋಪಿನದು, ಕೈಚಳಕ ನಮ್ಮ ಕರಾವಳಿಯದು. ಮಾಸ್ತ್ರಿಲ್ಲಿ ಮರಳಿ ಬರಲಿಲ್ಲ. 1637ರ ಅಕ್ಟೋಬರಿನಲ್ಲಿ ಜಪಾನಿನ ನಾಗಸಾಕಿಯಲ್ಲಿ ಅವನಿಗೆ ಮರಣದಂಡನೆಯಾಯಿತು.

ಪೆಟ್ಟಿಗೆಯ ಕೆಳಗಿನ ಅಮೃತಶಿಲೆಯ ಪೀಠದ ಕಥೆಯೇ ಬೇರೆ. ಸಂತರ ತಲೆದಿಂಬು ಕಾಣಿಕೆಯಾಗಿ ಸಿಕ್ಕಿದ್ದಕ್ಕೆ ಪ್ರತಿಯಾಗಿ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಅದನ್ನು ಮಾಡಿಸಿ ಕಳಿಸಿದ. ಫ್ಲಾರೆನ್ಸಿನ ಶಿಲ್ಪಿ ಫೊಜ್ಜೀನಿ ಹತ್ತು ವರ್ಷ ದುಡಿದ. 1698ರಲ್ಲಿ ಇಲ್ಲಿ ಜೋಡಣೆಯಾಯಿತು. ಕಂಚಿನ ನಾಲ್ಕು ಫಲಕಗಳು ಸೊಗಸಾಗಿಯೇ ಇವೆ. ಆದರೂ ಕಣ್ಣು ಮೇಲಿನ ಬೆಳ್ಳಿಗೇ ಹೋಗುತ್ತದೆ. ಫ್ಲಾರೆನ್ಸಿನ ಶಿಲ್ಪಿಯ ಹೆಸರನ್ನು ಎಲ್ಲರೂ ಹೇಳುತ್ತಾರೆ, ಗೋವೆಯ ಅಕ್ಕಸಾಲಿಗರನ್ನು ಹೆಸರು ಹಿಡಿದು ಹೇಳುವವರು ವಿರಳ!

ತೊಂದರೆಯೆಂದರೆ ಪೆಟ್ಟಿಗೆ ಬಲು ಎತ್ತರದಲ್ಲಿದೆ. ಕೆಳಗೆ ನಿಂತವರಿಗೆ ಬೆಳ್ಳಿಯ ಹೊಳಪು ಕಾಣುತ್ತದೆ, ಕಥೆ ಕಾಣದು. ಹಬ್ಬದ ದಿನವಂತೂ ಕತ್ತೆತ್ತಿ ನಿಲ್ಲುವಷ್ಟರಲ್ಲಿ ಹಿಂದಿನವರು ಮುಂದಕ್ಕೆ ತಳ್ಳಿಬಿಡುತ್ತಾರೆ. ಬಿಡುವಿನ ದಿನ ಬಂದು, ಪಕ್ಕಕ್ಕೆ ಸರಿದು ನೋಡಬೇಕು.